ಅಪ್ಪನಿಗೆ ಹೇಳಿದ ಇನ್ನೂರ ನಲವತ್ತೆರಡು ಕನಸುಗಳು

೧೯೯೭ರ ಜನವರಿ ಆರು, ಸೋಮವಾರ. ಬೆಳಗ್ಗೆ ಐದೂವರೆಗೆ ಅಪ್ಪ ನನ್ನ ಚಾಪೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹೆಗಲು ಅಲುಗಿಸಿದರು.

"ಮಗಾ, ಎಂತ ಕನಸು ಬಿತ್ತು?"

ನನಗೆ ಆಗ ಹದಿನೆಂಟು. ಪಿಯುಸಿ ಮುಗಿಸಿ ಸೊರಬದ ಬಸ್‌ಸ್ಟ್ಯಾಂಡ್ ರಸ್ತೆಯ ನಮ್ಮ ಟೈಲರ್ ಅಂಗಡಿಯಲ್ಲಿ ಕಾಜಾ, ಗುಂಡಿ, ಹೆಮ್ಮಿಂಗ್ ಮಾಡುತ್ತಿದ್ದೆ. ಅಂಗಡಿಯ ಹಿಂದೆಯೇ ಮನೆ. ಹೊಸ ವರ್ಷಕ್ಕೆ ಗೊಬ್ಬರದ ಅಂಗಡಿಯವರು ಅಪ್ಪನಿಗೆ ಕೊಟ್ಟ ಡೈರಿ ನನ್ನ ಪಾಲಿಗೆ ಬಂದಿತ್ತು. ದಿನಕ್ಕೆ ಎಷ್ಟು ಕಾಜಾ ಹಾಕಿದೆ, ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಶಿಕಾರಿಪುರದ ಮೊದಲ ಬಸ್ಸು ಎಷ್ಟು ನಿಮಿಷ ತಡ, ಎಲ್ಲ ಬರೆಯುತ್ತಿದ್ದೆ. ಹಿಂದಿನ ದಿನ ಅದನ್ನು ತಿರುವಿ ನೋಡಿದ ಅಪ್ಪ, "ಇಷ್ಟೆಲ್ಲಾ ಬರೀತೀಯಲ್ಲ, ಬಿದ್ದ ಕನಸೂ ಬರೆದಿಡು" ಅಂದಿದ್ದರು. ತಮಾಷೆಗೆ ಅಂದದ್ದು ಎಂದುಕೊಂಡಿದ್ದೆ.

ಅಂದು ನಿಜವಾಗಿಯೂ ಕನಸು ಬಿದ್ದಿತ್ತು. ಶಾಲೆಯ ಮೆಟ್ಟಿಲ ಮೇಲೆ ಮೂರು ನಾಯಿಮರಿ. ಹೇಳಿದೆ. "ಮೆಟ್ಟಿಲು ಎಷ್ಟು?" ಎಂದು ಅಪ್ಪ ಕೇಳಿದರು. ಎಣಿಸಿರಲಿಲ್ಲ. "ನೆನಪು ಮಾಡ್ಕೋ" ಎಂದು ಅಲ್ಲೇ ಕೂತರು. ಐದು ಅಂದೆ. ಮೂವತ್ತೈದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದು ಹೋದರು. ಆ ದಿನದ ಕನಸಿನ ಎದುರು ನಿಜ ಎಂಬುದಕ್ಕೆ 'ನಿ' ಎಂದು ಬರೆದೆ. ಮೆಟ್ಟಿಲ ಲೆಕ್ಕದ ಎದುರು ಏನು ಬರೆಯಬೇಕೆಂದು ತಿಳಿಯಲಿಲ್ಲ.

ಅಪ್ಪ ಓಸಿ ಜೂಜು ಆಡುತ್ತಾರೆಂದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಆಡದವರು ಕಡಿಮೆ. ಎದುರಿನ ಬೀಡಾ ಅಂಗಡಿಯವನು ಅಂಗೈಯಗಲದ ಚೀಟಿಯಲ್ಲಿ ನಂಬರು ಬರೆದುಕೊಳ್ಳುತ್ತಿದ್ದ. ಸಂಜೆ ನಾಲ್ಕು ದಾಟಿದ ಮೇಲೆ ಒಂದು ಅಂಕಿ, ಆರು ದಾಟಿದ ಮೇಲೆ ಇನ್ನೊಂದು ಅಂಕಿ ಎಲ್ಲಿಂದಲೋ ಫೋನಿನಲ್ಲಿ ಬರುತ್ತಿತ್ತು. ಎರಡೂ ಸೇರಿದರೆ ಜೋಡಿ; ಬರೆಸಿದ ಜೋಡಿಯೇ ಬಂದರೆ ದುಡ್ಡು. ಪೊಲೀಸರ ಭಯಕ್ಕೆ ಅವನು ಬಾಯಲ್ಲಿ ಹೇಳುತ್ತಿರಲಿಲ್ಲ. ಅಂಗಡಿಯ ಮುಂದೆ ಬಂದು ನಿಂತು, ಕೆನ್ನೆ ತುರಿಸಿಕೊಳ್ಳುವಂತೆ ಬೆರಳು ತೋರಿಸುತ್ತಿದ್ದ. ಏಳು ಬಂದರೆ ಮೊದಲು ಐದು ಬೆರಳು, ಆಮೇಲೆ ಎರಡು. ಸೊನ್ನೆಗೆ ಮುಷ್ಟಿ. ಆ ಹೊತ್ತಿಗೆ ಬೀದಿಯ ಎರಡೂ ಬದಿಯ ಕೆಲಸ ಒಂದು ಗಳಿಗೆ ನಿಲ್ಲುತ್ತಿತ್ತು.

ಮೊದಲ ಹದಿನೈದು ದಿನ ಕನಸು ಹೇಳುವುದು ನನಗೆ ಹೆಮ್ಮೆಯ ಕೆಲಸವಾಗಿತ್ತು. ಅಪ್ಪ ಯಾರ ಮಾತನ್ನೂ ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ನಾನು ನೋಡಿರಲಿಲ್ಲ. ಆದರೆ ಐದೂವರೆಗೆ ಎಬ್ಬಿಸುತ್ತಾರೆಂದು ತಿಳಿದ ಮೇಲೆ ನಾನು ಐದಕ್ಕೇ ಎಚ್ಚರವಾಗಿ ಮಲಗಿರತೊಡಗಿದೆ. ಕನಸು ಬೀಳುವುದು ಅಪರೂಪವಾಯಿತು. ಜನವರಿ ಇಪ್ಪತ್ತೊಂದರಂದು "ಇವತ್ತು ಎಂತದೂ ಬೀಳ್ಲಿಲ್ಲ ಅಪ್ಪಾ" ಅಂದೆ.

"ಬೀಳದೇ ಇರೋಕೆ ಸಾಧ್ಯವೇ ಇಲ್ಲ. ಮತ್ತೆ ಮಲ್ಕೋ."

ಮತ್ತೆ ಮಲಗಿದೆ. ಆರಕ್ಕೆ ಬಂದು ಕೇಳಿದರು. ಆರೂವರೆಗೆ ಕೇಳಿದರು. ಅಮ್ಮ ಒಲೆಯ ಮುಂದಿನಿಂದಲೇ, "ಹುಡುಗಿನ ಏಳಕ್ಕೆ ಬಿಡ್ರೀ, ಅಂಗಳ ಸಾರಿಸೋದು ಯಾರು?" ಎಂದು ಕೂಗಿದರು. ಎಂಟಾದರೂ ಅಪ್ಪ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮಿಷನ್ನಿನ ಮುಂದೆ ಕತ್ತಲಲ್ಲೇ ಕೂತಿದ್ದರು. ಕೊನೆಗೆ ನಾನೇ ಹೋಗಿ ಹೇಳಿದೆ: "ಈಗ ನೆನಪಾಯ್ತು. ಅಜ್ಜಿ ಬಂದಿದ್ರು. ಕೈಯಲ್ಲಿ ನಾಲ್ಕು ಬಾಳೆಹಣ್ಣು, ಎಂಟು ವೀಳ್ಯದೆಲೆ."

ಬಾಗಿಲು ತೆರೆಯಿತು, ಮಿಷನ್ನು ಓಡಿತು. ಡೈರಿಯ ಅಂಚಿನಲ್ಲಿ ಸುಳ್ಳಿನ ಮೊದಲ 'ಸು' ಬಿತ್ತು. ಆ ಮೇಲೆ ನಾನು ಕನಸು ಹೇಳುತ್ತಿದ್ದದ್ದು ಮಿಷನ್ನು ಓಡಲಿ ಎಂದು ಮಾತ್ರ.

ಫೆಬ್ರವರಿ ಇಪ್ಪತ್ತು, ಗುರುವಾರ. ಬಾವಿಕಟ್ಟೆಯ ಮೇಲೆ ಎರಡು ಕೊಡ, ಕೊಡದ ಬಾಯಿಗೆ ಏಳು ಬಳೆ ಎಂದು ಹೇಳಿದ್ದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿದ್ದ ಕೊಡವನ್ನೇ ಹಿಡಿದು ಕಟ್ಟಿದ ಕನಸು. ಸಂಜೆ ಬೀಡಾ ಅಂಗಡಿಯವನು ಎರಡು ಬೆರಳು ತೋರಿಸಿದ. ಆರು ಗಂಟೆಯ ಮೇಲೆ ಐದು, ಮತ್ತೆ ಎರಡು. ಅಪ್ಪ ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ದೇವರ ಮನೆಯಲ್ಲಿ ನಿಂತಾಗ ಇರುವಂಥ ಮುಖ ಅದು. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಆ ರಾತ್ರಿ ಮನೆಗೆ ಜಿಲೇಬಿ ಬಂತು, ಅಮ್ಮನಿಗೆ ಸೀರೆ, ನನಗೆ ಶಾಯಿ ಪೆನ್ನು. ಹೊಸ ಪೆನ್ನಿನಲ್ಲಿ ನಾನು ಮೊದಲು ಬರೆದ ಅಕ್ಷರ 'ಸು'.

ಅಂದಿನಿಂದ ಅಪ್ಪ ನನ್ನನ್ನು ಎಲ್ಲಿಗೂ ಬಿಡಲಿಲ್ಲ. ಚಂದ್ರಗುತ್ತಿಯ ಚಿಕ್ಕಮ್ಮನ ಮನೆಗೆ ಹೋಗಿ ಎರಡು ದಿನ ಇರುತ್ತೇನೆಂದರೆ, "ಅಲ್ಲಿ ಬಿದ್ದ ಕನಸು ಇಲ್ಲಿಗೆ ಬರ್ತದನಾ?" ಎಂದು ತಡೆದರು. ಎಲ್ಲದರಲ್ಲೂ ಅವರಿಗೆ ಅಂಕಿ ಕಾಣತೊಡಗಿತು. ಬಸ್ ಟಿಕೇಟಿನ ಕೊನೆಯ ಎರಡು ಅಂಕಿ, ಗಿರಾಕಿಯ ಎದೆಯ ಅಳತೆ, ಮೋಟರ್ ಬೈಕಿನ ನಂಬರು. ಅಳತೆ ಪುಸ್ತಕದಲ್ಲಿ ಸೊಂಟ ಮೂವತ್ತೆರಡು ಎಂದು ಬರೆಯುವಾಗ ಅವರ ಕೈ ಒಂದು ಕ್ಷಣ ನಿಲ್ಲುವುದನ್ನು ನಾನು ನೋಡುತ್ತಿದ್ದೆ.

ನನಗೆ ಒಂದು ಉಪಾಯ ಹೊಳೆಯಿತು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಚೀಟಿ ಬರೆದು, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದೆ. ಮಾರ್ಚ್ ಒಂದರಿಂದ ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಒಂದು ಚೀಟಿ ತೆಗೆದು, ಡೈರಿಯಲ್ಲಿ ಕನಸಿನ ನಂಬರಿನ ಪಕ್ಕ ಬರೆದು, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದೆ. ಕನಸಿಗೂ ಕುರುಡು ಚೀಟಿಗೂ ವ್ಯತ್ಯಾಸ ಇಲ್ಲ ಎಂದು ಲೆಕ್ಕದಲ್ಲಿ ತೋರಿಸಿದರೆ ಅಪ್ಪ ಬಿಟ್ಟಾರು ಎಂದು ನನ್ನ ಯೋಚನೆ. ಏಪ್ರಿಲ್‌ನಲ್ಲಿ ಡಬ್ಬಿಯ ಜೋಡಿ ಒಂದು ಸಲ ಬಂತು. ಜುಲೈನಲ್ಲಿ ಇನ್ನೊಂದು ಸಲ. ಕನಸಿನದು ಫೆಬ್ರವರಿಯದೊಂದೇ. ಆ ಹೊತ್ತಿಗೆ ಡಬ್ಬಿಯನ್ನು ಅಪ್ಪನಿಗೆ ತೋರಿಸುವ ಧೈರ್ಯ ನನಗೆ ಉಳಿದಿರಲಿಲ್ಲ. ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟೆ.

ಮೇ ಹನ್ನೆರಡು, ಸೋಮವಾರ. ಆನವಟ್ಟಿಯ ಮದುಮಗನೊಬ್ಬನ ಕೋಟಿನ ಬಟ್ಟೆ ಮೇಜಿನ ಮೇಲಿತ್ತು. ನಾನು ಕೆಳಗೆ ಕೂತು ಗುಂಡಿ ಹಾಕುತ್ತಿದ್ದೆ. ನಾಲ್ಕೂ ಕಾಲು. ಎದುರಿನವನು ಅಂಗಡಿಯ ಮುಂದೆ ಬಂದು ಕೆನ್ನೆಗೆ ಕೈ ಇಟ್ಟ. ಅಪ್ಪನ ಕಣ್ಣು ಬೀದಿಗೆ ಹೋಯಿತು, ಕತ್ತರಿ ಮಾತ್ರ ನಿಲ್ಲಲಿಲ್ಲ. ಚಾಕ್‌ಪೀಸಿನ ಗೆರೆ ಬಿಟ್ಟು ಬೆನ್ನಿನ ಭಾಗದೊಳಕ್ಕೆ ನುಗ್ಗಿದ ಶಬ್ದ ನನಗೆ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಬಟ್ಟೆ ತಪ್ಪಾಗಿ ಕತ್ತರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಎದ್ದು ನಿಂತೆ. ಬೈಯುತ್ತಾರೆ, ಇಲ್ಲವೇ ತಲೆ ಚಚ್ಚಿಕೊಳ್ಳುತ್ತಾರೆ ಎಂದುಕೊಂಡೆ. ಅಪ್ಪ ಕೊರಳಿನ ಟೇಪು ತೆಗೆದು ತಪ್ಪು ಹೋದ ಕತ್ತರಿಯ ಗಾಯವನ್ನು ಅಳೆದರು. ಆರು ಇಂಚು, ಮೇಲೆ ಒಂದು ನೂಲು, ಎಂದರೆ ಅರೆಕಾಲು ಇಂಚು.

"ಅರವತ್ತೊಂದು" ಅಂದರು. "ಸುಮ್ನೆ ಆಗಿದ್ದಲ್ಲ ಇದು ಮಗಾ. ಯಾರೋ ಹೇಳ್ಸಿದ್ದು." ಮೇಜಿನ ಮೇಲೆ ಬಟ್ಟೆ ಹಾಗೇ ಬಿಟ್ಟು, ನಾಳೆಯ ಚೀಟಿ ಬರೆಸಲು ರಸ್ತೆ ದಾಟಿದರು.

ಅಲ್ಲಿಯವರೆಗೆ ಇದು ಅಪ್ಪನ ಆಟ ಎಂದುಕೊಂಡಿದ್ದೆ. ರಸ್ತೆ ದಾಟುತ್ತಿದ್ದ ಆ ಬೆನ್ನನ್ನು ನೋಡಿದಾಗ, ಅದು ಅವರ ಕೈಯಲ್ಲಿಲ್ಲ ಎಂದು ತಿಳಿಯಿತು. ಡೈರಿಯಲ್ಲಿ ಬರೆದದ್ದು ಒಂದೇ ಸಾಲು: "ಅಪ್ಪನಿಗೆ ಏನೋ ಆಗಿದೆ." ಕೋಟಿನ ಬಟ್ಟೆಗೆ ಬದಲಿ ತರಲು ಅಮ್ಮ ತವರಿನ ಬೆಂಡೋಲೆ ಮಾರಿದರು. ಅಪ್ಪ ಅದನ್ನೂ ಗಮನಿಸಲಿಲ್ಲ.

ಏನಾಗಿದೆ ಎಂದು ಹೆಸರಿಟ್ಟು ಹೇಳಿದವರು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ರವಿಕೆ ಕೇಳಲು ಮೂರನೇ ಸಲ ಬಂದಿದ್ದರು. ಹೊಲಿದಿರಲಿಲ್ಲ. ಅಪ್ಪ ಎದುರಿನ ಅಂಗಡಿಯಲ್ಲಿದ್ದರು.

"ಎಂತಮ್ಮ, ನನ್ನ ರವಿಕೆಗೆ ಮುಹೂರ್ತ ಕೂಡಿ ಬರ್ಲಿಲ್ವಾ ಇನ್ನೂ?" ಎಂದು ನಗುತ್ತಾ ಕೂತರು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದರು. ಮೆಲ್ಲಗೆ ಒಂದೊಂದೇ ಕೇಳಿದರು. ಬಿಡ್ತೀನಿ ಅಂತ ಹೇಳಿ ಮತ್ತೆ ಶುರು ಮಾಡ್ತಾರಾ? ತಡೆದರೆ ಸಿಡುಕುತ್ತಾರಾ? ಹೋಗಿದ್ದನ್ನೇ ವಾಪಸ್ ತರ್ತೀನಿ ಅಂತ ಮತ್ತೆ ಹೋಗ್ತಾರಾ? ನಿದ್ದೆಗೆಡ್ತಾರಾ? ನಾಲ್ಕಕ್ಕೂ ಅಮ್ಮ ತಲೆಯಾಡಿಸಿದರು.

"ಕುಡುಕರ ಹೆಂಡ್ತಿಯರೂ ನನ್ನ ಹತ್ರ ಇದನ್ನೇ ಹೇಳೋದು" ಎಂದರು ನರ್ಸಮ್ಮ. "ಇದು ಕೆಟ್ಟ ಬುದ್ಧಿ ಅಲ್ಲ ಕಣ್ರೀ, ಕಾಯಿಲೆ. ಬೈದ್ರೆ ಹೋಗಲ್ಲ, ಆಣೆ ಹಾಕಿದ್ರೂ ಹೋಗಲ್ಲ."

"ನಮ್ಮನೆಯವ್ರು ಹೆಂಡ ಮೂಸಿದೋರೂ ಅಲ್ಲ" ಎಂದು ಅಮ್ಮ ಎದ್ದು ನಿಂತರು.

"ಅದು ನಂಗೂ ಗೊತ್ತು. ಶಿಕಾರಿಪುರದಲ್ಲಿ ಕುಡಿತ ಬಿಡ್ಸೋ ಶಿಬಿರ ಮಾಡ್ತಾರೆ, ಸೆಪ್ಟೆಂಬರಲ್ಲಿ. ಓಸಿ ಬಿಡ್ಸೋಕೆ ಅಂತ ಬೇರೆ ಜಾಗ ಈ ಕಡೆ ಎಲ್ಲೂ ಇಲ್ಲ. ಕೇಳಿ ನೋಡಿ."

ಆಣೆಯ ಮಾತು ಅಮ್ಮ ಒಪ್ಪಲಿಲ್ಲ. ಶ್ರಾವಣದ ಮೊದಲ ಸೋಮವಾರ ಪೂಜೆ ಮುಗಿದ ಮೇಲೆ ಅಪ್ಪನಿಂದ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿದರು. ಅಪ್ಪನೂ ಮನಸಾರೆ ಹಾಕಿದರು, ಕಣ್ಣಲ್ಲಿ ನೀರಿತ್ತು. ಒಂಬತ್ತು ಬೆಳಗು ನನ್ನ ಚಾಪೆಯ ಹತ್ತಿರ ಯಾರೂ ಬರಲಿಲ್ಲ. ಮಿಷನ್ನು ಓಡಿತು, ರವಿಕೆ ಹೊಲಿದಾಯಿತು. ಆದರೆ ಅಪ್ಪ ಅನ್ನ ಕಲಸಿ ಹಾಗೇ ಬಿಡುತ್ತಿದ್ದರು. ನಾಲ್ಕೂ ಕಾಲಿಗೆ ಬೆನ್ನು ಬೀದಿಗೆ ಮಾಡಿ ಕೂತರೂ ಅವರ ಕಿವಿ ಕೆಂಪಾಗುತ್ತಿತ್ತು. ಹತ್ತನೇ ಬೆಳಗ್ಗೆ ಐದೂವರೆಗೆ ಹೆಗಲ ಮೇಲೆ ಕೈ ಬಿತ್ತು. ದನಿ ತೀರಾ ಸಣ್ಣದಾಗಿತ್ತು.

"ಅಮ್ಮಂಗೆ ಹೇಳ್ಬೇಡ. ಎಂತ ಬಿತ್ತು?"

ನಾನು ಎದ್ದು ಕೂತು ಅಳತೊಡಗಿದೆ. ಅಮ್ಮ ಒಳಗಿನಿಂದ ಬಂದರು. ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಚಾಪೆಯ ಅಂಚಿನಲ್ಲಿ ಕುಕ್ಕರಿಸಿದ್ದರು. ಅಮ್ಮ ಕೂಗಾಡಲಿಲ್ಲ. "ನಿಮ್ಮ ಕೈಲಿ ಆಗ್ತಿಲ್ಲ ಅಲ್ವನ್ರೀ?" ಎಂದು ಕೇಳಿದರು, ಅಷ್ಟೇ. ಅಪ್ಪ ಅಂದರು, "ಇಲ್ಲ. ಆಗ್ತಿಲ್ಲ."

ಆ ಮಾತಿಗೂ ಶಿಬಿರಕ್ಕೂ ನಡುವೆ ಒಂದು ತಿಂಗಳು ಹೋಯಿತು. ಅಷ್ಟೂ ಬೆಳಗು ನಾನು ಮತ್ತೆ ಕನಸು ಹೇಳಿದೆ. ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ, ಅಪ್ಪನೂ ನಾನೂ ಮೊದಲ ಬಸ್ಸು ಹತ್ತಿದೆವು. ಅಪ್ಪ ಟಿಕೇಟನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದರು. ಶಿರಾಳಕೊಪ್ಪ ದಾಟುವಾಗ, "ಗುರುತಿನೋರು ಯಾರಾದ್ರೂ ಕಂಡ್ರೆ ಎಂತ ಹೇಳೋದು?" ಎಂದು ಕೇಳಿದರು. ಓಸಿ ಆಡುತ್ತಾರೆ ಎಂದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಲಿಂಗ ಕಟ್ಟಿದವನು, ಹಣೆಗೆ ವಿಭೂತಿ ಹಚ್ಚಿದವನು ಕುಡಿತ ಬಿಡಲು ಹೋದನಂತೆ ಎಂದರೆ ಆ ಮನೆಯ ಹೆಣ್ಣು ಕೇಳಲು ಬರುವವರಿಲ್ಲ. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು.

ಶಿಬಿರ ನಡೆಯುವ ಕಲ್ಯಾಣ ಮಂಟಪದ ಬಾಗಿಲಲ್ಲಿ ಒಂದು ಮೇಜು. ಶಿಬಿರ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ಒಂದು ಫಾರಂ ನನ್ನ ಮುಂದಿಟ್ಟರು. ಹೆಸರು, ವಯಸ್ಸು, ಕಸುಬು ತುಂಬಿದೆ. ನಾಲ್ಕನೆಯದು: ಎಷ್ಟು ವರ್ಷಗಳಿಂದ ಕುಡಿಯುತ್ತಿದ್ದೀರಿ? ಪೆನ್ನು ನಿಂತಿತು. ಅಪ್ಪ ಬಗ್ಗಿ ನೋಡಿ ಚೀಲ ಕೈಗೆತ್ತಿಕೊಂಡರು. "ನಡಿ ಮಗಾ. ಇದು ನಮ್ಮಂಥೋರಿಗಲ್ಲ."

ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು. "ಯಜಮಾನ್ರ, ಒಂದ್ ಮಾತು. ಮುಂಜಾನೆ ಕಣ್ಣ್ ಬಿಟ್ಟ ಕೂಡ್ಲೇ ಮೊದಲಿಗೆ ಏನ್ ನೆನಪಾಗ್ತೈತ್ರಿ ನಿಮಗ?"

ಅಪ್ಪ ಬಾಗಿಲ ಕಡೆ ನೋಡುತ್ತಲೇ, "ನಂಬರು" ಅಂದರು.

"ಒಳಗ ಕುಂತೋರಿಗೆ ಬಾಟ್ಲಿ ನೆನಪಾಗ್ತೈತಿ. ಬರ್ರಿ, ಚಾ ಕುಡೀರಿ ಮೊದ್ಲು."

ನಾನು 'ಕುಡಿಯುತ್ತಿದ್ದೀರಿ' ಎಂಬುದನ್ನು ಹೊಡೆದು ಹಾಕಿ, ಮೇಲೆ 'ಓಸಿ ಆಡುತ್ತಿದ್ದೀರಿ' ಎಂದು ಬರೆದೆ. ಎಂಟು ವರ್ಷ. ಅಪ್ಪ ಸಹಿ ಹಾಕಿದರು.

ಶುಕ್ರವಾರ, ಹತ್ತೊಂಬತ್ತನೇ ತಾರೀಖು, ಮನೆಯವರನ್ನು ಕರೆಸಿದರು. ಜಮಖಾನದ ಮೇಲೆ ನಲವತ್ತು ಚಿಲ್ಲರೆ ಗಂಡಸರು, ಎದುರಿಗೆ ಅವರವರ ಮನೆಯವರು. ಪ್ರತಿ ಮನೆಯಿಂದ ಒಬ್ಬರು ಎದ್ದು, ಇಷ್ಟು ದಿನ ಬಚ್ಚಿಟ್ಟ ಒಂದು ಮಾತು ಹೇಳಬೇಕಿತ್ತು. ಅಮ್ಮ ನನ್ನ ಮೊಣಕೈ ತಿವಿದರು. ಬಚ್ಚಿಟ್ಟ ಮಾತೆಂದು ಅಮ್ಮನಿಗೆ ಗೊತ್ತಿದ್ದದ್ದು ಬೆಂಡೋಲೆ ಮಾರಿದ ವಿಷಯ ಮಾತ್ರ. ನಾನು ಡೈರಿ ಹಿಡಿದು ಎದ್ದೆ.

"ಜನವರಿ ಆರರಿಂದ ಸೆಪ್ಟೆಂಬರ್ ಹದಿಮೂರರ ತನಕ ಅಪ್ಪಂಗೆ ಇನ್ನೂರ ನಲವತ್ತೆರಡು ಕನಸು ಹೇಳಿದೀನಿ" ಅಂದೆ. "ನಿಜವಾಗಿ ಬಿದ್ದಿದ್ದು ಮೂವತ್ತೇಳು. ಇನ್ನೂರ ಐದು ನಾನೇ ಕಟ್ಟಿದ್ದು."

ಅಪ್ಪ ತಲೆ ಎತ್ತಿದರು.

"ಬಾವಿಕಟ್ಟೆ ಕೊಡ?" ಎಂದು ಕೇಳಿದರು.

"ಅದೂ ಸುಳ್ಳು ಅಪ್ಪಾ."

ಅವರ ಮುಖ ಇಳಿದುಹೋಯಿತು. ಅಲ್ಲಿಗೆ ನಿಲ್ಲಿಸಿ ಕೂತುಬಿಡಬಹುದಿತ್ತು. ಆದರೆ ಲೆಕ್ಕ ಅರ್ಧಕ್ಕೆ ನಿಲ್ಲಿಸಿ ನನಗೆ ರೂಢಿಯಿಲ್ಲ. ಡಬ್ಬಿಯ ವಿಷಯ ಹೇಳಿದೆ. ನೂರು ಚೀಟಿ, ನೂರ ತೊಂಬತ್ತೇಳು ದಿನ. "ಕನಸಿನ ಜೋಡಿ ಬಂದಿದ್ದು ಒಂದೇ ಸಲ. ಕಣ್ಣು ಮುಚ್ಚಿ ಡಬ್ಬಿಯಿಂದ ತೆಗೆದಿದ್ದು ಎರಡು ಸಲ ಬಂತು. ಇದರಲ್ಲಿ ಎಂತದೂ ಇಲ್ಲ ಅಪ್ಪಾ."

ಅಪ್ಪ ಮೊಣಕಾಲ ಮೇಲೆ ಎದ್ದರು. ಕಣ್ಣು ಹೊಳೆಯುತ್ತಿತ್ತು.

"ಆ ಡಬ್ಬಿ ಎಲ್ಲಿಟ್ಟಿದೀಯೇ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಇಡೀ ಮಂಟಪ ನಕ್ಕಿತು. ಅಪ್ಪನ ಪಕ್ಕದಲ್ಲಿದ್ದ ಶಿಕಾರಿಪುರದ ಹಮಾಲಿಯೊಬ್ಬ ಅವರ ಬೆನ್ನಿಗೆ ಮೆಲ್ಲಗೆ ತಟ್ಟಿ, "ಯಣ್ಣಾ, ಐದ್ ದಿನದಿಂದ ನಾ ಕುಡಿಯಾವಲ್ಲ, ನಾ ಕುಡಿಯಾವಲ್ಲ ಅಂತ ದೂರ ಕುಂತಿದ್ದೆಲ್ಲಪ. ನೀನೂ ನಮ್ಮಾವನ ಬಿಡು. ನನ್ನ ಹೇಣ್ತಿ ಬಾಟ್ಲಿ ಒಡದ್ರ ನಾ ನೆಲ ಮೂಸೀನಿ" ಅಂದ.

ನಗು ಅಡಗಿತು. ಅಪ್ಪ ಇನ್ನೂ ಮೊಣಕಾಲ ಮೇಲೇ ಇದ್ದರು. ತಾವು ಕೇಳಿದ್ದು ಅವರಿಗೇ ಆಗ ಕೇಳಿಸಿತು ಎಂದು ಕಾಣುತ್ತದೆ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತರು. ವಿಭೂತಿ ಬೆವರಿಗೆ ಬೆರಳಿನ ಸಂದಿಯಲ್ಲಿ ಇಳಿಯುತ್ತಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ಆಣಿ ಹಾಕಿದ್ನಂತಲ್ಲವ್ವ, ಆ ಒಂಬತ್ತು ದಿನ ನೀ ಡಬ್ಬಿ ತಗದೇನು?"

ತೆಗೆದಿದ್ದೆ. ಒಂಬತ್ತು ದಿನವೂ ತೆಗೆದಿದ್ದೆ. ನಾಲ್ಕೂ ಕಾಲಿಗೆ ಕಿಟಕಿಯ ಸಂದಿಯಿಂದ ಬೆರಳು ಎಣಿಸಿದ್ದೆ. ಅಪ್ಪ ಬಿಟ್ಟಾಗಲೂ ನಾನು ಬಿಟ್ಟಿರಲಿಲ್ಲ ಎಂಬುದು ಅವರು ಕೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. ಡೈರಿ ಮುಚ್ಚಿ ಕೂತೆ. ಮರುದಿನ ಅಮ್ಮ ಆ ನೂರು ಚೀಟಿಗಳನ್ನು ಬಚ್ಚಲೊಲೆಗೆ ಹಾಕಿದರು. ನಾನು ಎಣಿಸದೆ ಕೊಟ್ಟೆ.

ಶಿಬಿರ ಮುಗಿದದ್ದು ಇಪ್ಪತ್ತೊಂದಕ್ಕೆ. ಆಮೇಲೆ ಪ್ರತಿ ಭಾನುವಾರ ಶಿಕಾರಿಪುರದಲ್ಲಿ ಮೇಷ್ಟ್ರ ಮನೆಯ ಜಗಲಿಯಲ್ಲಿ ಸಭೆ. ಅಪ್ಪ ಅಂಗಡಿಯ ಮೇಜನ್ನು ತಿರುಗಿಸಿ, ಬೀದಿಗೆ ಅಡ್ಡವಾಗಿ ಪರದೆ ಕಟ್ಟಿದರು. ಬೆಳಕು ಸಾಲದೆ ಹಗಲಲ್ಲೂ ದೀಪ ಹಾಕಬೇಕಾಯಿತು. ಬೀಡಾ ಅಂಗಡಿಯವನು, "ಎಂತ ಟೈಲರ್ ಮಾವ, ಸೊಸೆ ಥರ ಪರದೆ ಹಿಂದೆ ಕೂತ್ರಿ?" ಎಂದು ಕೂಗಿ ಕೂಗಿ ಸುಮ್ಮನಾದ. ಊರಲ್ಲಿ ಟೈಲರ್ ಒಳಗೊಳಗೇ ಕುಡಿಯುತ್ತಿದ್ದರಂತೆ ಎಂಬ ಸುದ್ದಿಯೂ ಹಬ್ಬಿತು. ಅಪ್ಪ ಅದನ್ನು ಅಲ್ಲಗಳೆಯಲಿಲ್ಲ. ಅಮ್ಮ ಎರಡು ಸಲ ಜಗಳಕ್ಕೆ ಹೋದರು.

ನಾನು ಆಗಲೂ ಐದಕ್ಕೇ ಎಚ್ಚರವಾಗುತ್ತಿದ್ದೆ. ಕಣ್ಣು ಮುಚ್ಚಿ ಹೆಜ್ಜೆಯ ಶಬ್ದಕ್ಕೆ ಕಾಯುತ್ತಿದ್ದೆ.

ನವೆಂಬರ್ ನಾಲ್ಕು, ಮಂಗಳವಾರ, ಶಿಬಿರ ಮುಗಿದ ನಲವತ್ತನಾಲ್ಕನೇ ದಿನ, ಹೆಜ್ಜೆ ಬಂತು. ಚಾಪೆಯ ಪಕ್ಕ ನಿಂತಿತು. ಕೈ ಹೆಗಲಿಗೆ ಬೀಳಲಿಲ್ಲ. ನಾನೇ ಕಣ್ಣು ಬಿಟ್ಟೆ. ಅಪ್ಪ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದರು.

"ಕನಸು ಬಿತ್ತಾ?"

ಬಿದ್ದಿತ್ತು. ಎಷ್ಟೋ ತಿಂಗಳ ಮೇಲೆ ಬಿದ್ದ ನಿಜವಾದ ಕನಸು. ಅದರಲ್ಲಿ ಎಣಿಸಬಹುದಾದ್ದೂ ಇತ್ತು.

"ಬಿತ್ತು" ಅಂದೆ. "ಹೇಳಲ್ಲ ಅಪ್ಪಾ."

ಅವರು ಕದಲಲಿಲ್ಲ. ಗದರುತ್ತಾರೆ, ಇಲ್ಲವೇ ನೇರ ರಸ್ತೆ ದಾಟುತ್ತಾರೆ ಎಂದು ಹೊದಿಕೆಯ ತುದಿ ಹಿಡಿದು ಕಾದೆ.

"ಹೇಳ್ಬೇಡ" ಅಂದರು ಕೊನೆಗೆ. "ಏಳು, ಮುಖ ತೊಳ್ಕೋ. ಮೇಷ್ಟ್ರ ಹತ್ರ ಹೋಗ್ಬೇಕು."

"ಇವತ್ತು ಭಾನುವಾರ ಅಲ್ವಲ್ಲ."

"ಭಾನುವಾರದ ತನಕ ನನ್ ಕೈಲಿ ಆಗಲ್ಲ ಮಗಾ."

ಮೊದಲ ಬಸ್ಸು ಅಂದು ಏಳು ನಿಮಿಷ ತಡವಾಗಿ ಬಂತು. ಆ ಏಳು ನಿಮಿಷ ಅಪ್ಪ ಬೀಡಾ ಅಂಗಡಿಗೆ ಬೆನ್ನು ಮಾಡಿ, ನನ್ನ ಚೀಲದ ಪಟ್ಟಿ ಹಿಡಿದು ನಿಂತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಎರಡು ಟಿಕೇಟು ಹರಿದು ಕೊಟ್ಟ. ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಕೈ ಚಾಚಿ ತೆಗೆದುಕೊಂಡು, ನೋಡದೆ ನಾಲ್ಕು ಮಡಿಕೆ ಮಡಿಸಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿಸಿದರು.

"ನೀನೇ ಇಟ್ಕೋ. ನಂಗೆ ತೋರಿಸ್ಬೇಡ."

ಶಿಕಾರಿಪುರ ಬರುವ ತನಕ ನಾನು ಮುಷ್ಟಿ ಬಿಚ್ಚಲಿಲ್ಲ. ನಾನೂ ನೋಡಲಿಲ್ಲ. ಆ ದಿನದ ಡೈರಿಯಲ್ಲಿ ಟಿಕೇಟಿನ ನಂಬರು ಇಲ್ಲ.